ಸಂಜೆ ಆರರ ರೆಕಾರ್ಡು

ಅಭ್ಯಾಸ ಸಂಜೆ ಆರಕ್ಕೆ ಶುರುವಾಗಿ ಏಳೂವರೆಗೆ ಮುಗಿಯಬೇಕು. ಆರು ದಾಟಿ ಎರಡು ನಿಮಿಷಕ್ಕೆ ಬಂದವನು ಮೊದಲ ಹಾಡು ಮುಗಿಯುವತನಕ ಬಾಗಿಲ ಹೊರಗೆ ನಿಲ್ಲಬೇಕು. ವಾದ್ಯವನ್ನು ಒರೆಸದೆ ಚೀಲಕ್ಕೆ ಹಾಕುವಂತಿಲ್ಲ. ಈ ನಿಯಮಗಳನ್ನು ಮಾಡಿದವನು ನಾನು. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಇಪ್ಪತ್ತು ವರ್ಷ ಮಕ್ಕಳನ್ನು ಸೀಟಿಯ ಮೇಲೆ ನಡೆಸಿದವನಿಗೆ ಬೇರೆ ಕ್ರಮ ಗೊತ್ತಿರಲಿಲ್ಲ. ನಮ್ಮ ಬ್ಯಾಂಡಿನಲ್ಲಿ ಡ್ರಮ್ ನನ್ನದು.

ನಾವು ನಾಲ್ವರು, ಎಲ್ಲರಿಗೂ ನಲವತ್ತೈದು ದಾಟಿತ್ತು. ಹಾಡುವವನು ಬಜಾರಿನ ಟೇಲರ್. ಅವನಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಉಸಿರು ತೆಗೆಯುವ ಕಡೆ ಕೆಂಪು ಗೀಟು ಹಾಕಿಕೊಳ್ಳುತ್ತಿದ್ದ. ಎರಡನೆಯ ಗಿಟಾರ್ ತಾಲೂಕು ಕಚೇರಿಯ ಗುಮಾಸ್ತನದು. ಅವನ ಮೇಲಿನ ಹಲ್ಲುಸಾಲು ಕಟ್ಟಿಸಿಕೊಂಡದ್ದು. ದನಿಗೂಡಿಸಬೇಕಾದಾಗ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕುತ್ತಿದ್ದ. ಮೊದಲ ಗಿಟಾರ್ ಹಿಡಿದವನು ಮೀನುಗಾರರ ಮನೆಯವನು. ಬ್ಯಾಂಡು ಹುಟ್ಟಿದ್ದು ಅವನಿಂದ. ಅದನ್ನು ಅವನಿಂದ ಕಸಿದುಕೊಂಡದ್ದು ನಾನು.

ಅವನು ಮೂವತ್ತರ ಹೊತ್ತಿಗೆ ಬಾಂಬೆಗೆ ಹೋಗಿ ಹದಿನೈದು ವರ್ಷ ಅಲ್ಲಿದ್ದು, ಎಪ್ಪತ್ತರ ದಶಕದ ನಡುವಿನಲ್ಲಿ ಊರಿಗೆ ಬಂದ. ತಂದದ್ದು ಒಂದು ಕೆಂಪು ಗಿಟಾರ್, ಅದರ ದನಿಪೆಟ್ಟಿಗೆ, ಒಂದೇ ಒಂದು ರೆಕಾರ್ಡು. ಬಾಂಬೆಯ ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿ ರಾಕ್ ಬಾರಿಸುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದ. ಊರಿನಲ್ಲಿ ಇದನ್ನು ಯಾರೂ ನಂಬಲಿಲ್ಲ. ಅವನಿದ್ದದ್ದು ಹೆಂಡತಿಯ ಅಣ್ಣನ ಆಸರೆಯಲ್ಲಿ. ಆ ಅಣ್ಣನಿಗೆ ಎರಡು ಬೋಟುಗಳಿದ್ದವು. ಇವನು ಅವರ ಅಂಗಳದಲ್ಲಿ ಕೂತು ಬಲೆ ನೇಯುತ್ತಿದ್ದ. ಬೋಟಿನವನ ಪ್ರಕಾರ ಇವನು ಬಾಂಬೆಯ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ. ಆ ಗಿಟಾರ್ ಯಾರೋ ಬಿಟ್ಟುಹೋದದ್ದು. ಬಂದರಿನಲ್ಲಿ ಇವನಿಗೆ ‘ಬಾಂಬೆ ಭಾವ’ ಎಂದೇ ಹೆಸರು.

‘ಬಾಂಬೆ ಭಾವಾ, ಬಲೆಗೂ ತಂತಿ ಇತ್ತಲ, ಒಂದು ರಾಗ ಬಾರ್ಸು ಕಾಂಬ!’ ಎಂದು ಬೋಟಿನವನು ದಿನಕ್ಕೊಮ್ಮೆಯಾದರೂ ಕೂಗುತ್ತಿದ್ದ. ಆಳುಗಳು ನಗುತ್ತಿದ್ದರು. ಇವನೂ ನಗುತ್ತಿದ್ದ.

ಬೋಟಿನವನ ಇಬ್ಬರು ಮಕ್ಕಳು ನನ್ನ ಶಾಲೆಯವರು. ಅವನಿಗೆ ನನ್ನ ಮೇಲೆ ಅಪಾರ ವಿಶ್ವಾಸ. ಒಮ್ಮೆ ಗಿಟಾರಿನವನ ಹೆಂಡತಿ ನಮ್ಮ ಮನೆಗೆ ಮೀನು ತಂದುಕೊಟ್ಟವಳು ಹೊಸ್ತಿಲಿನಲ್ಲೇ ನಿಂತು ಹೇಳಿದಳು:

‘ಮಾಸ್ತ್ರೆ, ನಮ್ಮಣ್ಣಂಗೆ ನಿಮ್ಮ ಮಾತಂದ್ರೆ ಸರ್ಕಾರದ ಠಸ್ಸೆ. ಇವ್ರು ಬಾಂಬೆಲಿ ಬಾರಿಸ್ತಿದ್ದದ್ದು ಖರೆ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಊಟಕ್ಕೆ ಕೂತಾಗೂ ನೆಗಾಡ್ತ.’

‘ಬಾರಿಸೂದು ಕೇಳಿದ್ರೆ ಅವನಿಗೇ ಗೊತ್ತಾಗ್ತದೆ, ತಾಯಿ. ನಾನೆಂತ ಹೇಳೂದು?’ ಎಂದೆ. ಆಗ ಅದನ್ನು ಮನಸ್ಸಿನಿಂದಲೇ ಹೇಳಿದ್ದೆ.

ಆ ದಿನಗಳಲ್ಲಿ ಕುಮಟೆಯ ಕಡೆ ಸಿನೆಮಾ ಹಾಡಿನ ಆರ್ಕೆಸ್ಟ್ರಾಗಳಿದ್ದವು. ಅವುಗಳಲ್ಲಿ ಎಲ್ಲ ಎಳೆಯರು. ನರೆತಲೆಯ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ‘ಇಂಗ್ಲಿಷ್ ರಾಕ್ ಬಾರಿಸುವ ಮಾಸ್ತ್ರೆ. ಈ ಮೂರೂರಲ್ಲಿ ಯಾರಿಗೂ ಬರೂದಿಲ್ಲ’ ಎಂದ ಗಿಟಾರಿನವ. ಯಾರಿಗೂ ಬಾರದ್ದನ್ನು ಮಾಡಿದರೆ ಯಾರೂ ತಪ್ಪು ಹಿಡಿಯಲಾರರು ಎಂದು ನನಗೂ ಸರಿಕಂಡಿತು.

ಕಲಿಯುವುದಕ್ಕೆ ಇದ್ದದ್ದು ಅವನ ಆ ಒಂದು ರೆಕಾರ್ಡು, ಅದರಲ್ಲಿ ಹತ್ತು ಹಾಡು. ಟೇಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಟೇಲರನದೇ ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು, ಗೋಡೆಯ ಕರೆಂಟಿಗೆ ಹಚ್ಚುವಂಥದ್ದು. ಸಂಜೆ ಆರಕ್ಕೆ ಸರಿಯಾಗಿ ನಾನು ಮುಳ್ಳು ಇಡುತ್ತಿದ್ದೆ. ಕೊರಳಲ್ಲಿ ಶಾಲೆಯ ಸ್ಟಾಪ್‌ವಾಚ್. ಪ್ರತಿ ಹಾಡಿಗೂ ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಎಣಿಸಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಆ ಪುಸ್ತಕವೇ ಬ್ಯಾಂಡಿನ ಕಾನೂನು. ಕೋಣೆಯ ಬಲ್ಬು ಆ ಹೊತ್ತಿಗೆ ಕೆಂಪಗಾಗಿ ಅಕ್ಷರ ಕಾಣುತ್ತಿರಲಿಲ್ಲ, ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೆ.

ಮೊದಲ ವಾರವೇ ಗಿಟಾರಿನವ ತಲೆ ಅಲ್ಲಾಡಿಸಿದ.

‘ಮಾಸ್ತ್ರೆ, ಇದು ಹಿಂಗಲ್ಲ. ಭಾಳ ನಿಧಾನ ಆಯ್ತು. ನಾ ಬಾಂಬೆಲಿ ಬಾರಿಸಿದ್ದು ಇದ್ಕಿಂತ ಜೋರು.’

‘ರೆಕಾರ್ಡು ಸುಳ್ಳು ಹೇಳ್ತದಾ?’

‘ಅದಲ್ಲ. ಸ್ವರವೂ ಕೂಡೂದಿಲ್ಲ. ತಂತಿ ಸಡಿಲ ಮಾಡ್ಬೇಕಾಗ್ತದೆ. ಬಾಂಬೆಲಿ ನಾ ಒಂದಿನವೂ ತಂತಿ ಸಡಿಲ ಮಾಡಿದವ ಅಲ್ಲ.’

‘ಅಲ್ಲಿ ಗ್ಲಾಸಿಗೆ ತಂತಿ ಇರ್ಲಿಲ್ಲ ಅಲ್ದಾ!’ ಎಂದ ಗುಮಾಸ್ತ. ಟೇಲರ್ ನಕ್ಕ. ನಾನು ನಗಲಿಲ್ಲ, ‘ತಂತಿ ಸಡಿಲ ಮಾಡು’ ಎಂದೆ. ಅವನು ಮಾಡಿದ. ಸಡಿಲಾದ ತಂತಿಗಳು ಗಿಟಾರಿನ ಹಲಗೆಗೆ ಬಡಿದು ಸರಸರ ಎನ್ನುತ್ತಿದ್ದವು. ಅದನ್ನೂ ನಾನು ಅವನ ಬೆರಳಿನ ದೋಷ ಎಂದು ಬರೆದುಕೊಂಡೆ.

ಇನ್ನೊಮ್ಮೆ ಅವನು ಅಭ್ಯಾಸಕ್ಕೆ ಐದು ನಿಮಿಷ ಮುಂಚೆಯೇ ಬಂದ. ಮುಖ ಅರಳಿತ್ತು.

‘ಮಾಸ್ತ್ರೆ, ಇವತ್ತು ಮಧ್ಯಾಹ್ನ ಅಂಗಡಿ ಬದಿಂದ ಹೋಗ್ತಾ ಇದ್ದೆ. ಟೇಲರಣ್ಣ ನಮ್ಮ ರೆಕಾರ್ಡು ಹಾಕಿದ್ದ. ಸರಿ ಇತ್ತು! ನಾ ಹೇಳಿದ ವೇಗವೇ! ಸಂಜೆ ಮಾತ್ರ ನಿಧಾನ ಆಗ್ತದೆ.’

ನಾನು ಟೇಲರನನ್ನು ಕೇಳಿದೆ. ‘ಹಾಕಿದ್ದು ಹೌದು. ಮಿಷನ್ ತುಳೀತಾ ಇದ್ದೆ, ನಂಗೆ ಅಂದಾಜಾಗ್ಲಿಲ್ಲ’ ಎಂದ.

‘ರೆಕಾರ್ಡಿಗೂ ಸಂಜೆ ಸುಸ್ತಾಗ್ತದಾ ಮಾರಾಯ?’ ಎಂದು ಗುಮಾಸ್ತ ಕೇಳಿದಾಗ ಈ ಸಲ ನಾನೂ ನಕ್ಕೆ.

‘ಭಾನುವಾರ ಬೆಳಗ್ಗೆ ಒಂದ್ಸಲ ಹಾಕಿ ನೋಡ್ವ ಮಾಸ್ತ್ರೆ. ಒಂದೇ ಸಲ.’

‘ಅಭ್ಯಾಸ ಆರಕ್ಕೆ’ ಎಂದೆ.

ಮೊದಲ ಕಾರ್ಯಕ್ರಮ ಹೊನ್ನಾವರದ ಒಂದು ಕ್ಲಬ್ಬಿನ ಹಾಲಿನಲ್ಲಿ. ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ ನಲವತ್ತು ಕುರ್ಚಿ ಹಾಕಿದ್ದರು. ನಾವು ನಾಲ್ವರೂ ತಲೆಗೆ ಬಣ್ಣ ಹಾಕಿಸಿಕೊಂಡು ಹೋಗಿದ್ದೆವು. ಸೆಕೆಗೆ ಟೇಲರನ ಬಣ್ಣ ಕಿವಿಯ ಹಿಂದೆ ಇಳಿದು ಬಿಳಿ ಕಾಲರಿಗೆ ಹತ್ತಿತು. ಮೂರನೆಯ ಹಾಡಿನ ನಡುವೆ ಗಿಟಾರ್ ಒಂಟಿಯಾಗಿ ನುಡಿಯುವ ಭಾಗ ಬರುತ್ತದೆ. ಅಲ್ಲಿಯ ತನಕ ಪುಸ್ತಕದ ಲೆಕ್ಕದಲ್ಲಿದ್ದವನು ಕಣ್ಣು ಮುಚ್ಚಿ ಒಮ್ಮೆಲೇ ಓಡತೊಡಗಿದ. ನಾನು ನನ್ನ ವೇಗ ಬಿಡಲಿಲ್ಲ. ಗುಮಾಸ್ತ ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಕೈ ನಿಲ್ಲಿಸಿದ. ಹಾಡು ಮುರಿದು ಬಿತ್ತು.

‘ಅಜ್ಜಂದಿರೆಲ್ಲ ಒಂದೇ ಬಸ್ಸಲ್ಲಿ ಬನ್ನಿ, ಆಯ್ತಾ!’ ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲ್ ನಕ್ಕಿತು. ಮುಂದಿನ ಸಾಲಿನಲ್ಲಿ ಬೋಟಿನವ ತೊಡೆ ತಟ್ಟಿ ನಗುತ್ತಿದ್ದ.

ಆ ನಗೆ ನನ್ನ ಮೇಲೆ ಬಿದ್ದದ್ದನ್ನು ನಾನು ಸಹಿಸಲಿಲ್ಲ. ಮರುದಿನ ಸಂಜೆ ಬೋಟಿನವನನ್ನೂ ಅಭ್ಯಾಸಕ್ಕೆ ಕರೆದೆ. ತಪ್ಪು ಯಾರದೆಂದು ಸಾಕ್ಷಿಯ ಎದುರು ತೀರ್ಮಾನವಾಗಬೇಕೆಂದು ನನಗಿತ್ತು. ಆರು ಗಂಟೆಗೆ ಎಲ್ಲರೂ ಕೂತ ಮೇಲೆ ಗಿಟಾರಿನವನಿಗೆ ಹೇಳಿದೆ:

‘ನಿನ್ನೆ ಮುರಿದ ಹಾಡಿಗೆ ನಿನ್ನ ಬಾಂಬೆಯ ವೇಗದಲ್ಲಿ ಕಾಲು ತಟ್ಟು. ನಾನು ಒಂದು ನಿಮಿಷ ಎಣಿಸ್ತೆ. ಆಮೇಲೆ ರೆಕಾರ್ಡು ಎಣಿಸುವ.’

ಅವನು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ತಟ್ಟಿದ. ನೂರ ಇಪ್ಪತ್ತೆರಡು. ಮತ್ತೊಮ್ಮೆ ಎಂದೆ. ನೂರ ಇಪ್ಪತ್ತೊಂದು. ಮತ್ತೊಮ್ಮೆ. ನೂರ ಇಪ್ಪತ್ತೆರಡು.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಸಾವಿರಾರು ಮಕ್ಕಳ ಕಾಲುಗಳನ್ನು ಎಣಿಸಿದವನು ನಾನು. ಊಹೆಯ ಮೇಲೆ ತಟ್ಟುವವನ ಲೆಕ್ಕ ಮೂರು ಸಲ ಕೂಡಿಬರುವುದಿಲ್ಲ. ಹತ್ತು ಮೇಲೆ, ಹತ್ತು ಕೆಳಗೆ ಹೋಗಿಯೇ ಹೋಗುತ್ತದೆ. ವರ್ಷಗಟ್ಟಲೆ ಒಂದೇ ವೇಗದಲ್ಲಿ ಬಾರಿಸಿದ ಮೈಯಿಂದ ಮಾತ್ರ ಅಂಥ ಲೆಕ್ಕ ಬರುತ್ತದೆ. ಇದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅವನು ಬಾಂಬೆಯಲ್ಲಿ ಬಾರಿಸಿದ್ದ. ಹಾಗಿದ್ದೂ ಎದ್ದು ಹೋಗಿ ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ.

ನೂರ ಹತ್ತು.

‘ಹನ್ನೆರಡು ಪೆಟ್ಟು ತಪ್ಪು. ನಿಮಿಷಕ್ಕೆ ಹನ್ನೆರಡು’ ಎಂದು ಬೋಟಿನವನ ಕಡೆ ತಿರುಗಿ ಹೇಳಿದೆ. ‘ಬಾರಿಸಿ ಗೊತ್ತಿದ್ದವನಿಗೆ ಇಷ್ಟು ತಪ್ಪೂದಿಲ್ಲ.’

‘ಹಂಗಾರೆ ಗ್ಲಾಸೇ ತೊಳೆದದ್ದು!’ ಎಂದು ಬೋಟಿನವ ಎದ್ದುನಿಂತ. ‘ನಾ ಮೊದ್ಲೇ ಹೇಳಿದ್ದೆ. ಆತು ಭಾವಾ, ಇನ್ನು ಸಂಜೆ ಹೊತ್ತು ದಂಡ ಮಾಡೂದು ಬೇಡ. ಹರಿದ ಬಲೆ ರಾಶಿ ಬಿದ್ದದೆ.’

ಗಿಟಾರಿನವ ರೆಕಾರ್ಡ್ ಪ್ಲೇಯರನ್ನೇ ನೋಡುತ್ತಿದ್ದ, ಎಷ್ಟೋ ಕಾಲದ ಗೆಳೆಯ ತನ್ನ ವಿರುದ್ಧ ಸಾಕ್ಷಿ ಹೇಳಿದಂತೆ. ‘ಮಾಸ್ತ್ರೆ, ಬೆಳಗ್ಗೆ ಒಂದ್ಸಲ’ ಎಂದು ಶುರು ಮಾಡಿದ. ನಾನು ಪುಸ್ತಕ ಮುಚ್ಚಿ, ನಾಳೆಯಿಂದ ಅವನು ಬರುವುದು ಬೇಡ ಎಂದೆ. ಅವನು ಗಿಟಾರನ್ನು ಒರೆಸಿ ಚೀಲಕ್ಕೆ ಹಾಕಿದ. ದನಿಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡ. ರೆಕಾರ್ಡನ್ನು ಕೇಳಲು ಬಾಯಿ ಬರಲಿಲ್ಲವೋ ಏನೋ, ಅದು ತಿರುಗುತ್ತಲೇ ಇತ್ತು, ಬಿಟ್ಟು ಹೋದ. ನಾವೂ ಕರೆದು ಕೊಡಲಿಲ್ಲ. ನಮಗೆ ಅದು ಬೇಕಿತ್ತು.

ಗುಮಾಸ್ತನನ್ನು ಮೊದಲ ಗಿಟಾರಿಗೆ ಹಾಕಿಕೊಂಡೆ. ಅವನಿಗೆ ತಿಳಿದಿದ್ದಷ್ಟೂ ಗಿಟಾರಿನವನೇ ಕಲಿಸಿದ್ದು. ಮೂರು ತಿಂಗಳ ನಂತರ ಭಟ್ಕಳದ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಕಾರ್ಯಕ್ರಮ ಸಿಕ್ಕಿತು. ಮ್ಯಾಟಿನಿಗೆ ಮೊದಲು ತೆರವು ಮಾಡಬೇಕು. ಪರದೆಯ ಮುಂದಿನ ಮೂರಡಿ ಜಾಗದಲ್ಲಿ ನಾವು ನಿಂತೆವು. ಕೆಳಗೆ ನೂರೈವತ್ತು ಜನ. ಅರ್ಧಕ್ಕರ್ಧ ದುಬೈ, ಸೌದಿಯಿಂದ ರಜೆಗೆ ಬಂದ ಹುಡುಗರು, ಅತ್ತರಿನ ವಾಸನೆ, ಕೈಯಲ್ಲಿ ಹೊಳೆಯುವ ಗಡಿಯಾರ. ಅವರ ಮನೆಗಳಲ್ಲಿ ಟೇಪ್‌ರೆಕಾರ್ಡರ್ ಇತ್ತು, ನಾವು ಬಾರಿಸುವ ಹಾಡುಗಳ ಕ್ಯಾಸೆಟ್ಟೂ ಇತ್ತು. ಈ ಮೂರೂರಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡದ್ದು ನಮ್ಮ ದಡ್ಡತನ.

ನಾವು ಒಂದು ಪೆಟ್ಟೂ ತಪ್ಪದೆ ಬಾರಿಸಿದೆವು. ನಮ್ಮ ಜೀವಮಾನದಲ್ಲಿ ಅಷ್ಟು ಒಗ್ಗಟ್ಟಾಗಿ ಬಾರಿಸಿರಲಿಲ್ಲ. ಮೊದಲ ಹಾಡು ಅರ್ಧಕ್ಕೆ ಬರುವಾಗ ನಗೆ ಶುರುವಾಯಿತು.

‘ಚಾಚಾ, ಸೆಲ್ ಬದಲಿಸಿ!’

ಏನು ಸೆಲ್ಲೋ ನನಗೆ ತಿಳಿಯಲಿಲ್ಲ. ನಮ್ಮ ಹತ್ತಿರ ಸೆಲ್ ಹಾಕುವ ಯಾವ ವಸ್ತುವೂ ಇರಲಿಲ್ಲ.

‘ಸೆಲ್ ಹೋಯ್ತು ಚಾಚಾ! ಹೊಸದು ಬೇಕಾ? ನಾನು ತಂದುಕೊಡ್ತೇನೆ!’

ಎರಡನೆಯ ಹಾಡಿಗೆ ಇಡೀ ಟಾಕೀಸು ನಮ್ಮ ಹಾಡುಗಾರನೊಂದಿಗೆ ದನಿ ಎಳೆದೆಳೆದು ಹಾಡತೊಡಗಿತು, ಎಮ್ಮೆ ಕೂಗಿದ ಹಾಗೆ. ಟೇಲರ್ ಹಾಡುತ್ತಲೇ ಅತ್ತ. ನಾನು ನಿಲ್ಲಿಸಲಿಲ್ಲ. ಹತ್ತೂ ಹಾಡು ಬಾರಿಸಿ ಮುಗಿಸಿದೆ. ಶುರು ಮಾಡಿದ್ದನ್ನು ಮುಗಿಸಬೇಕು.

ಹೊರಗೆ ಅಂಗಳದಲ್ಲಿ ಒಬ್ಬ ಹುಡುಗ ಕೈಯಲ್ಲಿ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದ. ಅಪಹಾಸ್ಯಕ್ಕಲ್ಲ, ನಿಜವಾಗಿ ಮರ್ಯಾದಸ್ತ ಹುಡುಗ. ‘ಚಾಚಾ, ಬೇಜಾರ್ ಮಾಡ್ಬೇಡಿ. ಹಾಡು ಹೀಗೆ ಇರೋದು. ನಿಮ್ಮದು ಟೇಪಿನ ಸೆಲ್ ಸಾಯುವಾಗ ಕೇಳ್ತದಲ್ಲ, ಹಾಗಿತ್ತು’ ಎಂದು ಗುಂಡಿ ಒತ್ತಿದ. ಕ್ಲಬ್ಬಿನಲ್ಲಿ ಮುರಿದ ಅದೇ ಹಾಡು. ನಾನು ಸ್ಟಾಪ್‌ವಾಚ್ ಹಿಡಿದೆ. ನೂರ ಇಪ್ಪತ್ತೆರಡು.

ವಾಪಸು ಬರುವ ಬಸ್ಸು ಮುರ್ಡೇಶ್ವರ ದಾಟಿತು. ಆಮೇಲೆ ಗುಮಾಸ್ತ, ‘ಹಂಗಾರೆ ಅವ ಹೇಳಿದ್ದು ಖರೆ’ ಎಂದ.

‘ಕರೀವನಾ ಅವನ್ನ?’ ಎಂದ ಟೇಲರ್.

‘ತೆಗೆದವನನ್ನ ಮತ್ತೆ ಸೇರಿಸೂದು ನಿಯಮದಲ್ಲಿ ಇಲ್ಲ.’

‘ನಿಯಮ ಮಾಡಿದ್ದು ನೀವೇ ಅಲ್ದಾ, ಮಾಸ್ತ್ರೆ?’

‘ಹೌದು. ಅದಕ್ಕೇ ಹೇಳಿದ್ದು. ಇನ್ನೊಂದು: ಬ್ಯಾಂಡಿನ ಮಾತು ಬಜಾರಿಗೆ ಹೋಗಬಾರದು.’

ಮರುದಿನ ಬೆಳಗ್ಗೆ ಆರಕ್ಕೆ ಟೇಲರನಿಂದ ಕೀಲಿಕೈ ಇಸಿದುಕೊಂಡು ಒಬ್ಬನೇ ಆ ಕೋಣೆಗೆ ಹೋದೆ. ರೆಕಾರ್ಡಿನ ಅದೇ ಹಾಡು ಹಾಕಿದೆ. ನೂರ ಇಪ್ಪತ್ತೆರಡು. ಅದೇ ಸಂಜೆ ಹಾಕಿದೆ. ನೂರ ಹತ್ತು. ಸಂಜೆ ಬಜಾರಿನ ದೀಪಗಳೂ ಬಂದರಿನ ಐಸ್ ಫ್ಯಾಕ್ಟರಿಯೂ ಒಟ್ಟಿಗೆ ಕರೆಂಟು ಎಳೆಯುತ್ತಿದ್ದವು. ಬಲ್ಬು ಕೆಂಪಗಾಗುತ್ತಿತ್ತು, ಅದರ ಜೊತೆ ಪ್ಲೇಯರಿನ ಮೋಟಾರೂ ನಿಧಾನವಾಗುತ್ತಿತ್ತು. ಎರಡು ವರ್ಷ ನಾನು ಆ ಕೆಂಪು ಬಲ್ಬಿನ ಕೆಳಗೆ ಮೇಣದ ಬತ್ತಿ ಹಚ್ಚಿಕೊಂಡು ಎಣಿಸಿದ್ದೆ.

ಪುಸ್ತಕದಲ್ಲಿ ಹತ್ತೂ ಅಂಕಿಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಅಭ್ಯಾಸವನ್ನು ಬೆಳಗಿಗೆ ಬದಲಾಯಿಸಿದೆ. ಕೇಳಿದವರಿಗೆ, ಸಂಜೆ ಸೊಳ್ಳೆ ಜಾಸ್ತಿ ಎಂದೆ. ಗಿಟಾರಿನವನ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ. ಹೋದರೆ ಹೇಳಬೇಕಾದದ್ದು ಒಂದೇ ಮಾತು. ಆದರೆ ಆ ಮಾತನ್ನು ಬೋಟಿನವನ ಎದುರೂ ಹೇಳಬೇಕಾಗುತ್ತಿತ್ತು. ಅವನ ಮಕ್ಕಳು ಇನ್ನೂ ನನ್ನ ಸೀಟಿಗೆ ಹೆಜ್ಜೆ ಹಾಕುತ್ತಿದ್ದರು.

ಕುಮಟೆಯ ಕಾರ್ಯಕ್ರಮ ಮುಂದಿನ ವರ್ಷ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಚಿಕ್ಕ ಸಭಾಗೃಹದಲ್ಲಿ, ಸಂಜೆ ನಾಲ್ಕಕ್ಕೆ. ಚೆನ್ನಾಗಿ ಆಯಿತು. ಯಾರೂ ನಗಲಿಲ್ಲ, ಎರಡು ಹಾಡಿಗೆ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ನಾಲ್ಕನೆಯ ಹಾಡಿನಲ್ಲಿ ತಲೆ ಎತ್ತಿದಾಗ ಹಿಂದಿನ ಗೋಡೆಗೆ ಒರಗಿ ನಿಂತ ಗಿಟಾರಿನವ ಕಂಡ. ಪಕ್ಕದಲ್ಲಿ ಬೋಟಿನವ. ಯಾವುದೋ ಇಂಜಿನ್ ಸಾಮಾನಿಗೆ ಇಬ್ಬರೂ ಕುಮಟೆಗೆ ಬಂದವರು, ನಮ್ಮ ಬೋರ್ಡು ನೋಡಿ ಒಳಗೆ ಬಂದಿದ್ದರು. ಗಿಟಾರಿನವನ ಬಲಗಾಲು ನೆಲ ತಟ್ಟುತ್ತಿತ್ತು. ನನ್ನ ಪೆಟ್ಟಿಗೂ ಅವನ ಕಾಲಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

ಮುಗಿದ ಮೇಲೆ ಅವನು ಬೋಟಿನವನ ತೋಳು ಹಿಡಿದು ಜನರ ನಡುವೆ ನುಗ್ಗಿಸಿಕೊಂಡು ವೇದಿಕೆಯ ಬಳಿ ಬಂದ. ಬೆವರಿದ್ದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಬೇರೆಂದೂ ನೋಡಿಲ್ಲ.

‘ಮಾಸ್ತ್ರೆ, ಈಗ ಸರಿ ಆಯ್ತು! ಇದೇ, ಇದೇ ವೇಗ! ನಾ ಹೇಳಿದ್ದು ಇದೇ ಅಲ್ದಾ?’ ಎಂದವನು ದನಿ ತಗ್ಗಿಸಿದ. ‘ನಂಗೆ ವಾಪಸ್ ಬರೂದೆಲ್ಲ ಬೇಡ. ಇವಂಗೆ ಒಂದು ಮಾತು ಹೇಳಿ ಸಾಕು. ನಾ ಅಂದದ್ದು ಖರೆ ಇತ್ತು ಅಂತ.’

ಬೋಟಿನವ ನನ್ನ ಮುಖ ನೋಡುತ್ತಿದ್ದ. ಅಂದು ಅವನು ತಮಾಷೆ ಮಾಡುತ್ತಿರಲಿಲ್ಲ. ಹೌದು ಎಂದರೆ ನಂಬುತ್ತಿದ್ದ. ಟೇಲರ್ ಮೈಕಿನ ವಾಯರು ಸುತ್ತುವುದನ್ನು ನಿಲ್ಲಿಸಿದ್ದ. ಗುಮಾಸ್ತ ಹಲ್ಲುಸಾಲನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದ.

‘ನಾವು ಅಭ್ಯಾಸ ಮಾಡಿ ವೇಗ ಹೆಚ್ಚಿಸಿಕೊಂಡದ್ದು. ಮೂಲ ಹಾಡು ನಿಧಾನವೇ’ ಎಂದೆ.

ಗಿಟಾರಿನವ ಟೇಲರನ ಕಡೆ ನೋಡಿದ, ಗುಮಾಸ್ತನ ಕಡೆ ನೋಡಿದ. ಇಬ್ಬರೂ ತಲೆ ತಗ್ಗಿಸಿದರು. ನಾನು ಕಲಿಸಿದ ಶಿಸ್ತು ಅಷ್ಟು ಗಟ್ಟಿಯಾಗಿತ್ತು.

‘ಕೇಳ್ದ್ಯಾ ಭಾವಾ?’ ಎಂದ ಬೋಟಿನವ. ‘ಊರೂರಿಗೆ ಬಂದು ಮರ್ಯಾದಿ ತೆಗೀಬೇಡ. ನಡಿ, ಬಸ್ಸು ತಪ್ಪೂದು.’

ನಾನು ಡ್ರಮ್ಮಿನ ತಿರುಪುಗಳನ್ನು ಬಿಚ್ಚಿ, ದೊಡ್ಡದರಿಂದ ಚಿಕ್ಕದಕ್ಕೆ, ಕ್ರಮದಲ್ಲಿ ಚೀಲಕ್ಕೆ ಹಾಕಿದೆ.

ಅವನು ಗಿಟಾರನ್ನು ಆ ಮಳೆಗಾಲದಲ್ಲೇ ಒಡೆದನಂತೆ. ಕೋಪದಿಂದಲ್ಲ, ಮರ ಚೆನ್ನಾಗಿತ್ತು, ಬಲೆಯ ತೇಲುಗಟ್ಟೆ ಮಾಡಿಕೊಂಡ ಎಂದು ಟೇಲರ್ ಹೇಳಿದ. ಅದಾದ ಮೇಲೆ ನಮ್ಮ ಬ್ಯಾಂಡು ಇನ್ನೂ ನಾಲ್ಕು ವರ್ಷ ನಡೆಯಿತು. ದಾರಿಯಲ್ಲಿ ಸಿಕ್ಕಾಗ ಅವನು ‘ನಮಸ್ಕಾರ ಮಾಸ್ತ್ರೆ’ ಎನ್ನುತ್ತಿದ್ದ, ನಾನೂ ನಮಸ್ಕಾರ ಎನ್ನುತ್ತಿದ್ದೆ. ಅವನ ಹೆಂಡತಿ ಮಾತ್ರ ನಮ್ಮ ಮನೆಗೆ ಮೀನು ತರುವುದನ್ನು ನಿಲ್ಲಿಸಿದಳು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಬಲೆಯ ರಾಶಿಯ ಮೇಲೆಯೇ ಅವನ ಉಸಿರು ನಿಂತಿತು. ನಾನು ಅಂಗಳಕ್ಕೆ ಹೋದಾಗ ಕರ್ಕಿಯಿಂದ ಬಂದ ನೆಂಟರು ಬೆಂಚಿನ ಮೇಲೆ ಕೂತಿದ್ದರು. ಬೋಟಿನವ ಅವರಿಗೆ ಸತ್ತವನ ಸುದ್ದಿ ಹೇಳುತ್ತಿದ್ದ. ಕಣ್ಣು ಒದ್ದೆಯಾಗಿತ್ತು, ಪ್ರೀತಿಯಿಂದಲೇ ಹೇಳುತ್ತಿದ್ದ.

‘ಪಾಪದವ. ಒಂದೇ ಮರ್ಲು. ಬಾಂಬೆ ಹೋಟೆಲಲ್ಲಿ ಬಾರಿಸ್ತಿದ್ದೆ ಅಂತ ಸಾಯೂವರೆಗೂ ಹೇಳ್ದ. ನಮ್ಮ ಮಾಸ್ತ್ರು ಗಡಿಯಾರ ಹಿಡಿದು ಪರೀಕ್ಷೆ ಮಾಡಿದ್ರು, ಎಲ್ಲ ಬರೀ ಬೊಗಳೆ.’ ನನ್ನನ್ನು ಕಂಡು ಜಾಗ ಬಿಟ್ಟುಕೊಟ್ಟ. ‘ಅಲ್ದಾ ಮಾಸ್ತ್ರೆ?’

ನೆಂಟರೆಲ್ಲ ನನ್ನ ಕಡೆ ತಿರುಗಿದರು. ಒಳಗೆ ಅವನ ಹೆಂಡತಿ ಅಳು ನಿಲ್ಲಿಸಿದ್ದು ನನಗೆ ಕೇಳಿಸಿತು.

‘ಹೌದು’ ಎಂದೆ.